ವಾರ್ಡ್ ಲೆಕ್ಕದಲ್ಲಿ ಕಾಣೆಯಾದ ಬೇಗೂರು

ಮಾನ್ಯರೇ,

ಬೆಂಗಳೂರಿನ ವಯಸ್ಸು ಎಷ್ಟು ಎಂಬ ಮಾತು ಬಂದಾಗಲೆಲ್ಲ ನಮ್ಮ ಬೇಗೂರಿನ ಹೆಸರು ಬರುತ್ತದೆ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಕಲ್ಲಿನ ಮೇಲೆ 'ಬೆಂಗಳೂರು ಕಾಳಗ'ದ ಪ್ರಸ್ತಾಪವಿದೆ. ಕ್ರಿ.ಶ. 890ರ ಆಸುಪಾಸಿನ ಬರಹ ಅದು. ಕೆಂಪೇಗೌಡರು ಕೋಟೆ ಕಟ್ಟಿದ 1537ಕ್ಕಿಂತ ಆರು ಶತಮಾನ ಹಳೆಯದು. ಬೇಗೂರಿನ ಇನ್ನೊಂದು ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ತುಂಬೆಪಾಡಿ ಯುದ್ಧದಲ್ಲಿ ಸತ್ತ, ಈ ಭಾಗದ ನಾಯಕನಾಗಿದ್ದ ನಾಗತ್ತರನ ಕಲ್ಲು ಅದು. ಆನೆ, ಕುದುರೆ, ಕತ್ತಿ ಹಿಡಿದ ಕಾಲಾಳು ಎಲ್ಲ ಒಂದರ ಮೇಲೊಂದು ಬಿದ್ದಿರುವ ಹಾಗೆ ಕೆತ್ತಿದ್ದಾರೆ. ಮ್ಯೂಸಿಯಂಗೆ ಹೋದವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಗಂಗರ ಕಾಲದಲ್ಲಿ ಇದು ಬೆಂಪೂರು. ಸುತ್ತಲಿನ ಊರುಗಳನ್ನು ಸೇರಿಸಿ 'ಬೆಂಪೂರು ಹನ್ನೆರಡು' ಅನ್ನುತ್ತಿದ್ದರು. ನಾಗತ್ತರ ಸತ್ತ ಮೇಲೆ ಗಂಗ ದೊರೆ ಎರೆಯಪ್ಪ ಈ ಹನ್ನೆರಡನ್ನು ಇರುಗ ಎಂಬುವನಿಗೆ ಕೊಟ್ಟ. ಯಾವ ಯಾವ ಊರು ಅಂತ ಒಂದೊಂದನ್ನೂ ಹೆಸರಿಟ್ಟು ಕಲ್ಲಿನ ಮೇಲೆ ಬರೆಸಿದ್ದಾರೆ. ಸಾವಿರದ ನೂರು ವರ್ಷದ ಹಿಂದೆ ಇದ್ದ ಈ ಶ್ರದ್ಧೆ ಈಗಿನ ಲೆಕ್ಕದಲ್ಲಿ ಇಲ್ಲ ಅನ್ನುವುದೇ ನನ್ನ ತಕರಾರು.

ಬೇಗೂರಿನಲ್ಲಿ ಈಗ ಎಷ್ಟು ಜನ ಇದ್ದಾರೆ ಅಂತ ಒಂದು ಕಚೇರಿಯಲ್ಲಿ ಕೇಳಿದೆ. 'ವಾರ್ಡ್ ಲೆಕ್ಕ ಇದೆ ಸಾರ್, ಊರಿಂದು ಬೇರೆ ಇರಲ್ಲ' ಅಂದರು. ಅವರದೇನೂ ತಪ್ಪಿಲ್ಲ. ಜನಗಣತಿಯಲ್ಲಿ ಪಂಚಾಯಿತಿಯ ಪುಟ್ಟ ಹಳ್ಳಿಗೂ ಅದರದೇ ಸಾಲು ಇರುತ್ತದೆ. ಎಷ್ಟು ಮನೆ, ಎಷ್ಟು ಜನ, ಶಾಲೆ ಉಂಟಾ, ಕುಡಿಯುವ ನೀರು ಎಲ್ಲಿಂದ, ಎಲ್ಲವೂ ಸಿಗುತ್ತದೆ. ಹಳ್ಳಿ ನಗರಕ್ಕೆ ಸೇರಿತೋ, ಆ ಸಾಲು ಹೋಯಿತು.

ಸರಿ, ವಾರ್ಡ್ ಲೆಕ್ಕವನ್ನೇ ನೋಡೋಣ ಅಂದರೆ ವಾರ್ಡ್ ನಿಂತಲ್ಲಿ ನಿಲ್ಲುವುದಿಲ್ಲ. 2011ರ ಗಣತಿ ಹೊತ್ತಿಗೆ ಬಿಬಿಎಂಪಿಯಲ್ಲಿ 198 ವಾರ್ಡ್ ಇದ್ದವು, ಬೇಗೂರು 192ನೆಯದು. ಆಮೇಲೆ 243 ಅಂದರು, ಅದನ್ನು 225ಕ್ಕೆ ಇಳಿಸಿದರು. ಈಗ ಐದು ಪಾಲಿಕೆ, 369 ವಾರ್ಡ್. ಪ್ರತಿ ಸಲವೂ ಗೆರೆ ಹೊಸದು. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆಯ ಜನ 65,37,124ರಿಂದ 96,21,551ಕ್ಕೆ ಏರಿದರು. ಅದರಲ್ಲಿ ಬಹುಪಾಲು ಭಾರ ಬಿದ್ದದ್ದು ನಮ್ಮಂಥ ಅಂಚಿನ ಊರುಗಳ ಮೇಲೆ. ಆ ಮೇಲಿನ ಕಥೆ ಗೊತ್ತೇ ಇದೆ, ರಾಗಿ ಹೊಲ ಇದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿವೆ. ಆದರೆ ಎಷ್ಟು ಪಟ್ಟು ಬೆಳೆದೆವು ಅಂತ ಹೇಳಲು ಒಂದು ಗಡಿಯಾದರೂ ಹಾಗೇ ಇರಬೇಕು, ಅಲ್ವಾ?

ಅಂಥ ಗಡಿ ಒಂದು ಇದೆ, ಕಂದಾಯ ಗ್ರಾಮದ್ದು. ಪಾಲಿಕೆ ಎಷ್ಟು ಸಲ ಬದಲಾದರೂ ಪಹಣಿ, ಕ್ರಯಪತ್ರಗಳಲ್ಲಿ ಇವತ್ತಿಗೂ 'ಬೇಗೂರು ಗ್ರಾಮ, ಬೇಗೂರು ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು' ಅಂತಲೇ ಬರೆಯುತ್ತಾರೆ. ಸೈಟು ಮಾರಲು ಬೇಕಾದ ಹಳ್ಳಿ ಜನರನ್ನು ಎಣಿಸುವಾಗ ಯಾಕೆ ಬೇಡ?

2027ರ ಗಣತಿ ಮೊಬೈಲ್ ಆ್ಯಪ್‌ನಲ್ಲಿ ನಡೆಯುವಂಥದ್ದು. ಕಾಗದದ ಕಂತೆ ತಿರುವಿ ಕೂಡಿಸುವ ಕೆಲಸವಿಲ್ಲ. ಗಣತಿ ಬ್ಲಾಕ್‌ಗಳನ್ನು (ಒಬ್ಬ ಗಣತಿದಾರ ಎಣಿಸುವ ಪುಟ್ಟ ಪ್ರದೇಶ) ಕಂದಾಯ ಗ್ರಾಮದ ಗಡಿಗೆ ಹೊಂದಿಸಿ, ವಾರ್ಡ್ ಅಂಕಿಯ ಜೊತೆಗೆ ಹಳೆಯ ಗ್ರಾಮವಾರು ಅಂಕಿಯನ್ನೂ ಪ್ರಕಟಿಸಲಿ. ಬೇಗೂರಿಗಷ್ಟೇ ಅಲ್ಲ, 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೂ ಹೀಗೇ ಆಗಲಿ. ಆ ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಹರಿಸಲು ಚಾಲನೆ ಸಿಕ್ಕಿದ್ದೇ 2024ರ ಅಕ್ಟೋಬರ್‌ನಲ್ಲಿ. ಎಷ್ಟು ಬಾಯಿಗೆ ನೀರು ಬೇಕು ಅನ್ನುವುದು ಊರುವಾರು ಗೊತ್ತಿದ್ದರೆ ಮುಂದಿನ ಪೈಪ್ ಹಾಕುವವರಿಗೂ ಅನುಕೂಲ. ಗಣತಿ ನಿರ್ದೇಶನಾಲಯ ಮತ್ತು ಕಂದಾಯ ಇಲಾಖೆ ಕೂತು ಮಾತಾಡಿದರೆ ಇದೇನೂ ದೊಡ್ಡ ಕೆಲಸವಲ್ಲ.

– ಬೇಗೂರು ನಿವಾಸಿ, ಬೆಂಗಳೂರು