‘ಮೂಲದಲ್ಲಿ ಇರುವಂತೆಯೇ’ ಅಂತ ಮುಖಪುಟದಲ್ಲಿ ಹಾಕಿದ ಮೇಲೆ ಹಾಗೇ ಇರಬೇಕು: ಗಿಟಾರ್ ಟ್ಯಾಬ್ ಪುಸ್ತಕದ ಬಗ್ಗೆ ಒಂದು ದೂರು

ಇಂದ:
ಗಿಟಾರ್ ಕಲಿಸುವ ಮೇಷ್ಟ್ರು,
ವಿರಾಜಪೇಟೆ, ಕೊಡಗು ಜಿಲ್ಲೆ

ಗೆ:
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳು,
ಸಂಗೀತ ಪುಸ್ತಕಗಳ ಪ್ರಕಾಶನ ಸಂಸ್ಥೆ

ವಿಷಯ: ನಿಮ್ಮ ರಾಕ್ ಬ್ಯಾಂಡ್ ಸ್ವರಲಿಪಿ ಮತ್ತು ಗಿಟಾರ್ ಟ್ಯಾಬ್ ಪುಸ್ತಕದಲ್ಲಿರುವ ತಪ್ಪುಗಳು, ಹಣ ವಾಪಸ್ ಮತ್ತು ತಿದ್ದುಪಡಿ ಕೋರಿ

ಮಾನ್ಯರೇ,

ಜೂನ್ ಮೊದಲ ವಾರದಲ್ಲಿ ನಿಮ್ಮ ಪುಸ್ತಕದ ಮೂರು ಪ್ರತಿ ತರಿಸಿದೆ. ಟ್ಯಾಬ್ ಅಂದರೆ ಆರು ತಂತಿಗೆ ಆರು ಗೆರೆ ಎಳೆದು, ಯಾವ ತಂತಿಯನ್ನು ಎಷ್ಟನೇ ಫ್ರೆಟ್‌ನಲ್ಲಿ, ಅಂದರೆ ಎಷ್ಟನೇ ಮನೆಯಲ್ಲಿ, ಒತ್ತಬೇಕು ಅಂತ ಅಂಕಿ ಹಾಕಿ ತೋರಿಸುವ ಬರಹ. ಒಂದಕ್ಕೆ 1,450 ರೂಪಾಯಿ, ಮೂರಕ್ಕೆ 4,350. ದುಡ್ಡು ನನ್ನದಲ್ಲ. ನನ್ನ ಹತ್ತಿರ ಕಲಿಯುವ ಮಕ್ಕಳ ಮನೆಯವರು ಕೂಡಿಸಿ ಕೊಟ್ಟದ್ದು. ಈ ಐದು ಮಕ್ಕಳು ಸೇರಿ ಒಂದು ಬ್ಯಾಂಡ್ ಮಾಡಿಕೊಂಡಿದ್ದಾರೆ. ಗಿಟಾರ್ ಇಬ್ಬರು, ಬೇಸ್ ಒಬ್ಬ, ಡ್ರಮ್ಸ್ ಒಬ್ಬ, ಹಾಡೋಕೆ ಒಬ್ಬಳು. ಹುತ್ತರಿ ಹಬ್ಬ ಕಳೆದ ಮೇಲೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಾಲ್ಕು ಹಾಡು ನುಡಿಸಬೇಕು ಅಂತ ಅವರ ಆಸೆ.

ಪುಸ್ತಕದ ಮುಖಪುಟದಲ್ಲಿ ಎರಡು ಮಾತು ಇದೆ. ಒಂದು, ಮೂಲ ರೆಕಾರ್ಡಿಂಗ್‌ನಲ್ಲಿ ಇರುವಂತೆಯೇ, ಒಂದು ಸ್ವರವೂ ಬಿಡದೆ ಬರೆದದ್ದು ಅಂತ. ಇನ್ನೊಂದು, ಇಡೀ ಬ್ಯಾಂಡಿಗೆ ಬೇಕಾದ್ದೆಲ್ಲ ಇದೆ ಅಂತ. ಈ ಎರಡು ಮಾತು ನಂಬಿ ತರಿಸಿದೆ. ಎರಡೂ ನಿಜವಲ್ಲ.

ಮೊದಲ ಹಾಡಿನಿಂದಲೇ ಹೇಳುತ್ತೇನೆ. ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’. 1972ರ ಆಲ್ಬಮ್‌ನಲ್ಲಿ ಬಂದ ಹಾಡು. ಜಗತ್ತಿನಲ್ಲಿ ಗಿಟಾರ್ ಹಿಡಿದ ಪ್ರತಿಯೊಬ್ಬರೂ ಒಮ್ಮೆಯಾದರೂ ನುಡಿಸುವ ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸ್ವರಸಾಲು, ಅದು. ಆ ರೆಕಾರ್ಡಿಂಗ್‌ನಲ್ಲಿ ಗಿಟಾರ್ ನುಡಿಸಿದ ರಿಚಿ ಬ್ಲ್ಯಾಕ್‌ಮೋರ್ ಅದನ್ನು ಡಿ ತಂತಿ, ಜಿ ತಂತಿ ಎರಡನ್ನೂ ಒಟ್ಟಿಗೆ ಬೆರಳಿನಿಂದ ಮೀಟಿ ನುಡಿಸುತ್ತಾರೆ. ಎರಡೂ ತಂತಿಯಲ್ಲಿ ಒಂದೇ ಅಂಕಿ. ಮೊದಲು ಸೊನ್ನೆ, ಅಂದರೆ ಒತ್ತದೆ ಬಿಟ್ಟ ತಂತಿ, ಆಮೇಲೆ ಮೂರು, ಆಮೇಲೆ ಐದು. ಇಷ್ಟು ಸುಲಭ.

ನಿಮ್ಮ ಪುಸ್ತಕದಲ್ಲಿ ಡಿ ತಂತಿಯ ಮೇಲೆ 3 ಇದೆ. ಜಿ ತಂತಿಯ ಮೇಲೆ 4 ಇದೆ. ಒಂದೇ ಒಂದು ಅಂಕಿ ತಪ್ಪು. ಆದರೆ ಜಿ ತಂತಿಯ ಮೂರನೇ ಫ್ರೆಟ್ ಅಂದರೆ ಬಿ ಫ್ಲ್ಯಾಟ್, ನಾಲ್ಕನೆಯದು ಬಿ. ಹಾಡು ಇರುವುದು ಜಿ ಮೈನರ್‌ನಲ್ಲಿ, ಆ ಸ್ವರಗಳ ಸಾಲಿನಲ್ಲಿ ಇರಬೇಕಾದದ್ದು ಬಿ ಫ್ಲ್ಯಾಟ್. ಬಿ ಫ್ಲ್ಯಾಟ್ ಹೋಗಿ ಬಿ ಬಂದರೆ ಹಾಡಿನ ಜೀವವೇ ಹೋಯಿತು. ಕೆಳಗಿನ ತಂತಿಯ ಎಫ್ ಜೊತೆ ಸೇರಿ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಅದೇ ಸಾಲಿನ ಮೇಲೆ ಸ್ವರಲಿಪಿ ಕೂಡ ಇದೆಯಲ್ಲ, ಅಲ್ಲಿ ಸರಿಯಾಗಿ ಬಿ ಫ್ಲ್ಯಾಟ್ ಅಂತಲೇ ಇದೆ. ಸಾಲಿನ ಶುರುವಿನಲ್ಲಿ ಎರಡು ಫ್ಲ್ಯಾಟ್ ಗುರುತೂ ಇದೆ. ಮೇಲಿನ ಐದು ಗೆರೆ ಒಂದು ಹೇಳುತ್ತದೆ, ಕೆಳಗಿನ ಆರು ಗೆರೆ ಇನ್ನೊಂದು ಹೇಳುತ್ತದೆ. ಅಚ್ಚಿಗೆ ಹೋಗುವ ಮೊದಲು ಯಾರಾದರೂ ಒಬ್ಬರು ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು ಒಮ್ಮೆ ನುಡಿಸಿದ್ದರೆ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಯಾರೂ ನುಡಿಸಿಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಎರಡನೆಯದು ಗನ್ಸ್ ಎನ್ ರೋಸಸ್ ತಂಡದ ‘ಸ್ವೀಟ್ ಚೈಲ್ಡ್ ಓ ಮೈನ್’. 1987ರ ರೆಕಾರ್ಡಿಂಗ್. ಅದರಲ್ಲಿ ಗಿಟಾರ್‌ಗಳ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿದ್ದಾರೆ. ಇದನ್ನು ಹಾಡಿನ ತಲೆಯ ಮೇಲೆ ಒಂದು ಸಾಲಿನಲ್ಲಿ ಹೇಳಬೇಕು. ನಿಮ್ಮ ಪುಸ್ತಕದಲ್ಲಿ ಅದು ಇಲ್ಲ. ಫ್ರೆಟ್ ಅಂಕಿಗಳು ಹೆಚ್ಚುಕಡಿಮೆ ಸರಿಯಾಗಿಯೇ ಇವೆ. ಆದರೆ ಶ್ರುತಿ ಹೇಳದೆ ಅಂಕಿ ಮಾತ್ರ ಕೊಟ್ಟರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದೆ.

ಹದಿಮೂರು ವರ್ಷದ ಹುಡುಗಿ ಒಬ್ಬಳು. ತುಂಬಾ ಶ್ರದ್ಧೆ. ಜುಲೈ ತಿಂಗಳು. ನಮ್ಮಲ್ಲಿ ಜುಲೈ ಅಂದರೆ ಮೂರು ನಾಲ್ಕು ದಿನ ಕರೆಂಟೇ ಇರುವುದಿಲ್ಲ. ಕರೆಂಟ್ ಬಂದ ಒಂದು ಸಂಜೆ ಸ್ಪೀಕರ್‌ನಲ್ಲಿ ಹಾಡು ಹಾಕಿಕೊಂಡು ಪುಸ್ತಕ ನೋಡಿ ನುಡಿಸಿದಳಂತೆ. ಹೊಂದಲಿಲ್ಲ. ಟ್ಯೂನರ್ ಹಾಕಿ ಮತ್ತೆ ಶ್ರುತಿ ಮಾಡಿದಳು. ಹೊಂದಲಿಲ್ಲ. ಹೀಗೆ ಮೂರು ಸಲ. ಶನಿವಾರ ಕ್ಲಾಸಿಗೆ ಬಂದವಳು ಗಿಟಾರ್ ನನ್ನ ಕೈಗೆ ಕೊಟ್ಟು, “ಸಾರ್, ಮಳೆಗೆ ಇದರ ಮರ ಕೆಟ್ಟಿದೆ, ಇನ್ನು ಸರಿಯಾಗಲ್ಲ” ಅಂದಳು. ಕಣ್ಣಲ್ಲಿ ನೀರಿತ್ತು. ಆ ಗಿಟಾರ್ ಕೊಡಿಸೋಕೆ ಅವಳ ಅಮ್ಮ ಎರಡು ಕಾಫಿ ಕೊಯ್ಲಿನ ಕೂಲಿಯಲ್ಲಿ ಉಳಿಸಿದ್ದರು.

ಅವಳು ಹಾಗೆ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ನಮ್ಮ ಮಳೆಗೆ ಮರ ಉಬ್ಬುವುದು ನಿಜ. ಗಿಟಾರಿನ ಕತ್ತು ಬಾಗುವುದು, ತಂತಿ ತುಕ್ಕು ಹಿಡಿಯುವುದು ಎಲ್ಲ ನಿಜ. ಅದಕ್ಕೇ ಅವಳು ಮಳೆಯನ್ನು ದೂರಿದಳು, ಗಿಟಾರನ್ನು ದೂರಿದಳು, ತನ್ನ ಕಿವಿಯನ್ನೂ ದೂರಿದಳು. ಪುಸ್ತಕವನ್ನು ಮಾತ್ರ ದೂರಲಿಲ್ಲ. ಅಚ್ಚಾದದ್ದು ಸರಿಯಾಗಿರುತ್ತದೆ ಅಂತ ಅವಳ ನಂಬಿಕೆ. ನಾನು ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ ಅವಳ ಕೈಗೆ ಕೊಟ್ಟೆ. ಹಾಡು ಹಾಕಿ ನುಡಿಸಿದಳು. ಹೊಂದಿತು. ನೀವು ಆ ಒಂದು ಸಾಲು ಬಿಟ್ಟದ್ದಕ್ಕೆ ಆ ಮಗು ಒಂದು ವಾರ ತನಗೆ ಸಂಗೀತ ಬರುವುದಿಲ್ಲ ಅಂತ ನಂಬಿತ್ತು. ನಿಮಗೆ ದೂರು ಕೊಡಬೇಕು ಅಂತ ನಾನು ನಿರ್ಧಾರ ಮಾಡಿದ್ದು ಆ ಶನಿವಾರವೇ.

ಇಲ್ಲಿಯ ಸ್ಥಿತಿ ಸ್ವಲ್ಪ ಹೇಳಬೇಕು. ನಮ್ಮ ಕೊಡಗಿನಲ್ಲಿ ಸಂಗೀತಕ್ಕೆ ಬರ ಇಲ್ಲ. ಮದುವೆಗೆ ವಾಲಗ ಇದೆ. ದುಡಿ ಬಾರಿಸಿ ಹಾಡುವ ದುಡಿಕೊಟ್ಟ್ ಪಾಟ್ ಇದೆ. ಅದನ್ನು ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ಹಿರಿಯರ ಪಕ್ಕ ಕೂತು, ಅವರ ಕೈ ನೋಡಿ ಕಲಿಯುತ್ತಾರೆ. ತಪ್ಪಿದರೆ ಅಲ್ಲೇ ತಿದ್ದುತ್ತಾರೆ. ರಾಕ್ ಸಂಗೀತಕ್ಕೆ ನಮ್ಮ ಊರಿನಲ್ಲಿ ಅಂಥ ಹಿರಿಯರು ಇಲ್ಲ. ಆ ಜಾಗದಲ್ಲಿ ಪುಸ್ತಕ ಕೂತಿದೆ. ಬೆಂಗಳೂರಿನ ಮಗುವಿಗೆ ಪುಸ್ತಕ ತಪ್ಪಾದರೆ ಕೇಳೋಕೆ ಹತ್ತು ಜನ ಇರುತ್ತಾರೆ. ಇಲ್ಲಿ ಇಲ್ಲ. ಸಂಗೀತದ ಪುಸ್ತಕ ಕೈಯಲ್ಲಿ ಹಿಡಿದು, ಪುಟ ತಿರುಗಿಸಿ ನೋಡಿ ಕೊಳ್ಳಬೇಕು ಅಂದರೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಹಾಗಾಗಿ ಮುಖಪುಟದಲ್ಲಿ ನೀವು ಬರೆದ ಮಾತೇ ನಮಗೆ ಆಧಾರ. ಒಳಗಿನ ಒಂದು ಪುಟವನ್ನೂ ನೀವು ಮೊದಲೇ ತೋರಿಸಿರಲಿಲ್ಲ.

ಇನ್ನು ‘ಇಡೀ ಬ್ಯಾಂಡಿಗೆ’ ಅನ್ನುವ ಮಾತು. ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಕೊನೆಯಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ನುಡಿಸುತ್ತಾರೆ. ಆಮೇಲೆ ಇಬ್ಬರೂ ಜೊತೆಗೂಡುತ್ತಾರೆ. ಆ ಜೊತೆಗೂಡುವ ಜಾಗ ಕೇಳೋಕೇ ಎಷ್ಟೋ ಜನ ಆ ಹಾಡು ಹಾಕುತ್ತಾರೆ. ನಮ್ಮಲ್ಲಿ ಗಿಟಾರ್ ನುಡಿಸುವವರು ಇಬ್ಬರಿದ್ದಾರೆ. ಅವರು ಈ ಹಾಡನ್ನು ಆರಿಸಿದ್ದೇ ಅದಕ್ಕೆ. ನಿಮ್ಮ ಪುಸ್ತಕದಲ್ಲಿ ಇಬ್ಬರ ಭಾಗವನ್ನೂ ಕಲಸಿ ಒಂದೇ ಸಾಲು ಮಾಡಿದ್ದಾರೆ. ಯಾರದು ಯಾವುದು ಅಂತ ಗುರುತಿಲ್ಲ. ಶುರುವಿನ ಗಿಟಾರ್ ಏಳನೇ ಫ್ರೆಟ್‌ನಲ್ಲಿ ಕೇಪೋ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ ನುಡಿಸಿದ್ದು. ಅದರ ಮಾತೂ ಇಲ್ಲ. ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡ ಇಟ್ಟು ಹಿಡಿಯುವ ಬಿ ಮೈನರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕಿ ಸುಮ್ನೆ ಮುಂದೆ ಹೋಗಿದ್ದಾರೆ. ಸ್ವರ ತಪ್ಪಲ್ಲ. ಆದರೆ ಕೇಪೋ ಹಾಕಿದಾಗ ತೆರೆದ ತಂತಿಗಳು ಮೊಳಗುವ ಆ ನಾದ ಬರುವುದಿಲ್ಲ.

ಬೇಸ್‌ಗೆ ಕೊಟ್ಟಿರುವುದು ಪ್ರತಿ ಕಾರ್ಡ್‌ನ ಮೂಲ ಸ್ವರ ಮಾತ್ರ. ಡ್ರಮ್ಸ್‌ಗೆ ಒಂದು ಹಾಡಿಗೆ ಎರಡು ಸಾಲು, ಆಮೇಲೆ ‘ಇದೇ ರೀತಿ ಮುಂದುವರಿಸಿ’. ಅದರಲ್ಲೂ ಒಂದು ಬಾರ್‌ನಲ್ಲಿ, ಅಂದರೆ ತಾಳದ ಒಂದು ಆವರ್ತದಲ್ಲಿ, ನಾಲ್ಕು ಪೆಟ್ಟು ಇರಬೇಕಾದಲ್ಲಿ ಎಣಿಸಿದರೆ ಮೂರೂವರೆ ಬರುತ್ತದೆ. ಡ್ರಮ್ಸ್ ಹುಡುಗ ಪಾಪ, ಬರೆದಂತೆಯೇ ನುಡಿಸುತ್ತಾನೆ. ಪ್ರತಿ ಸಲ ಅದೇ ಜಾಗದಲ್ಲಿ ಅರ್ಧ ಪೆಟ್ಟು ಮುಂಚೆ ಬೀಳುತ್ತಾನೆ. ಉಳಿದ ನಾಲ್ವರೂ ನಿಂತು ಅವನ ಮುಖ ನೋಡುತ್ತಾರೆ. ನಾನು ಕಾಲಿನಲ್ಲಿ ತಾಳ ಹಾಕಿ ಆ ಪುಟವನ್ನು ಬೆರಳಿಟ್ಟು ಎಣಿಸಿದ ಮೇಲೇ ತಪ್ಪು ಅವನದಲ್ಲ ಅಂತ ಅವರಿಗೂ ಗೊತ್ತಾಯಿತು.

ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಟಾರ್ಟ್ ಮಿ ಅಪ್’ ಕೂಡ ಇದೆ. ಆ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಂಥ ಹಾಡುಗಳಿಗೆ ಆರನೇ ತಂತಿಯನ್ನೇ ತೆಗೆದು, ಉಳಿದ ಐದನ್ನು ಜಿ, ಡಿ, ಜಿ, ಬಿ, ಡಿ ಅಂತ ಶ್ರುತಿ ಮಾಡಿಕೊಳ್ಳುತ್ತಾರೆ. ಅಡ್ಡಕ್ಕೆ ಒಂದು ಬೆರಳು ಇಟ್ಟರೆ ಕಾರ್ಡ್ ಆಯಿತು. ಆ ಸಡಿಲವಾದ ಸೊಗಸು ಬರುವುದೇ ಅದರಿಂದ. ನಿಮ್ಮಲ್ಲಿ ಅದನ್ನು ಮಾಮೂಲು ಆರು ತಂತಿಯ ಶ್ರುತಿಗೆ ಎಳೆದಿದ್ದಾರೆ. ಮಕ್ಕಳ ಬೆರಳು ಹೋಗಲಿ, ನನ್ನ ಬೆರಳೂ ಅಲ್ಲಿಗೆ ಎಟುಕುವುದಿಲ್ಲ.

ಆಗಸ್ಟ್‌ನಲ್ಲಿ ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಒಬ್ಬೊಬ್ಬರು ಒಂದೊಂದು ಥರ ನುಡಿಸುತ್ತಾರೆ, ಟ್ಯಾಬ್ ಅನ್ನೋದು ಬರೆದವರ ಅಭಿಪ್ರಾಯ, ಬಳಸಿದ ಪುಸ್ತಕ ವಾಪಸ್ ತಗೊಳ್ಳುವುದಿಲ್ಲ ಅಂದರು. ಮಾತನಾಡಿದವರು ಸೌಜನ್ಯದಿಂದಲೇ ಮಾತನಾಡಿದರು. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ಆ ಉತ್ತರವನ್ನು ಒಪ್ಪುವುದಿಲ್ಲ. ಒಂದೇ ಸ್ವರವನ್ನು ಎರಡು ಮೂರು ಜಾಗದಲ್ಲಿ ನುಡಿಸಬಹುದು ಅನ್ನೋದು ನಿಜ. ಯಾವ ಜಾಗ ಅನ್ನೋದರಲ್ಲಿ ಅಭಿಪ್ರಾಯ ಇರಬಹುದು. ಕಲಾವಿದರೇ ವೇದಿಕೆ ಮೇಲೆ ಬೇರೆ ಥರ ನುಡಿಸುತ್ತಾರೆ, ಅದೂ ನಿಜ. ಆದರೆ ಮೇಲೆ ಬಿ ಫ್ಲ್ಯಾಟ್, ಕೆಳಗೆ ಬಿ ಅನ್ನೋದು ಅಭಿಪ್ರಾಯ ಅಲ್ಲ. ನಾಲ್ಕು ಪೆಟ್ಟಿನ ಬಾರ್‌ನಲ್ಲಿ ಮೂರೂವರೆ ಪೆಟ್ಟು ಅಭಿಪ್ರಾಯ ಅಲ್ಲ. ಶ್ರುತಿ ಹೇಳದೆ ಬಿಡುವುದೂ ಅಭಿಪ್ರಾಯ ಅಲ್ಲ.

ಸುಲಭ ಮಾಡಿ ಬರೆದ ಪುಸ್ತಕಗಳ ಮೇಲೆ ನನ್ನ ತಕರಾರು ಇಲ್ಲ. ಅಂಥ ಪುಸ್ತಕದಿಂದಲೇ ನಾನು ಎಷ್ಟೋ ಮಕ್ಕಳಿಗೆ ಶುರು ಮಾಡಿಸಿದ್ದೇನೆ. ಸುಲಭ ಅಂತ ಬರೆದು ಸುಲಭವಾದದ್ದೇ ಕೊಟ್ಟರೆ ಅದು ಒಳ್ಳೆಯ ಪುಸ್ತಕ. ನನ್ನ ಹತ್ತಿರ ಇಪ್ಪತ್ತು ವರ್ಷ ಹಳೆಯ ಒಂದು ಟ್ಯಾಬ್ ಪುಸ್ತಕ ಇದೆ, ಬೇರೆಯವರದು. ಪ್ರತಿ ಹಾಡಿನ ತಲೆಯ ಮೇಲೆ ಶ್ರುತಿ, ಕೇಪೋ. ಹಾಡಿನ ಕೆಳಗೆ ಕೇಳಿ ಬರೆದವರ ಹೆಸರು. ಒಂದನೇ ಗಿಟಾರ್, ಎರಡನೇ ಗಿಟಾರ್ ಬೇರೆ ಬೇರೆ. ತಂತಿ ಎಳೆಯುವ ಜಾಗದಲ್ಲಿ ಅರ್ಧ ಸ್ವರವೋ ಪೂರ್ತಿಯೋ ಅಂತ ಬಾಣದ ಪಕ್ಕದಲ್ಲೇ ಬರೆದಿದೆ. ಪುಟ ತಿರುಗಿಸುವ ಜಾಗ ಬರುವುದು ಕೈ ಬಿಡುವಾಗಿರುವಾಗ. ನಿಮ್ಮಲ್ಲಿ ಸೋಲೋ ನಡುವೆ ಪುಟ ತಿರುಗಿಸಬೇಕು. ಬರೆದವರ ಹೆಸರು ಎಲ್ಲೂ ಇಲ್ಲ. ಹೆಸರು ಹಾಕಿದವರಿಗೆ ತಪ್ಪಿನ ಬಗ್ಗೆ ಜಾಸ್ತಿ ಎಚ್ಚರ ಇರುತ್ತದೆ ಅನ್ನೋದು ನನ್ನ ಅನುಭವ.

ಬೈಂಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟ್ಯಾಂಡ್ ಮೇಲೆ ಅಗಲಿಸಿ ಇಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಒತ್ತಿ ಬಿಡಿಸಿದರೆ ಅಂಟು ಬಿಡುತ್ತದೆ. ಆಗಸ್ಟ್ ಮುಗಿಯುವ ಮೊದಲೇ ಮೂರರಲ್ಲಿ ಎರಡು ಪ್ರತಿಯ ಹಾಳೆಗಳು ಕೈಗೆ ಬಂದಿವೆ.

ನನಗೆ ಬೇಕಾದದ್ದು ಇಷ್ಟು. 4,350 ರೂಪಾಯಿ ವಾಪಸ್ ಬರಬೇಕು, ಮಕ್ಕಳ ಮನೆಯವರಿಗೆ ನಾನು ಲೆಕ್ಕ ಕೊಡಬೇಕು. ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಅಚ್ಚು ಮಾಡಿ, ಈ ಪುಸ್ತಕ ಕೊಂಡ ಎಲ್ಲರಿಗೂ ಕಳಿಸಬೇಕು. ನಾನು ಕಂಡುಹಿಡಿದ 41 ತಪ್ಪುಗಳನ್ನು ಪುಟ, ಸಾಲು, ಬಾರ್ ಸಮೇತ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಅದಕ್ಕೆ ನನಗೆ ಹಣ ಬೇಡ, ಬಳಸಿಕೊಳ್ಳಿ. ಮುಂದಿನ ಮುದ್ರಣದಲ್ಲಿ ಶ್ರುತಿ, ಕೇಪೋ ಹಾಕಿ. ಸಾಧ್ಯವಾಗದಿದ್ದರೆ ‘ಮೂಲದಲ್ಲಿ ಇರುವಂತೆಯೇ’ ಅನ್ನುವ ಮಾತನ್ನು ಮುಖಪುಟದಿಂದ ತೆಗೆಯಿರಿ.

ಈ ಪತ್ರ ಸಿಕ್ಕ 30 ದಿನದ ಒಳಗೆ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಲ್ಲದ್ದನ್ನು ಇದೆ ಅಂತ ಹೇಳಿ ಮಾರುವುದು ಆ ಕಾಯ್ದೆಯ ಪ್ರಕಾರ ತಪ್ಪು. ಅಲ್ಲಿಗೆ ಹೋಗುವುದು ನನಗೆ ಇಷ್ಟ ಇಲ್ಲ. ಆ ಓಡಾಟದ ಸಮಯದಲ್ಲಿ ಮಕ್ಕಳಿಗೆ ಎರಡು ಹಾಡು ಕಲಿಸಬಹುದು.

ಪುಸ್ತಕ ವಾಪಸ್ ತಗೊಳ್ಳೋಕೆ ಕೊರಿಯರ್ ಕಳಿಸುವುದಾದರೆ ಮೊದಲು ಫೋನ್ ಮಾಡಿಸಿ. ಮಳೆಗಾಲದಲ್ಲಿ ಅವರ ಗಾಡಿ ನಮ್ಮ ಮನೆವರೆಗೆ ಬರುವುದಿಲ್ಲ, ನಾನೇ ಪೇಟೆಗೆ ತಂದು ಕೊಡುತ್ತೇನೆ. ಎರಡು ಪ್ರತಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟಿದ್ದೇನೆ. ಮೂರನೆಯದು ಆ ಹುಡುಗಿಯ ಹತ್ತಿರ ಇದೆ. ಅವಳು ಹಾಡು ಕೇಳಿ ಕೇಳಿ ಒಂದೊಂದೇ ಅಂಕಿಯನ್ನು ಪೆನ್ಸಿಲ್‌ನಿಂದ ತಿದ್ದುತ್ತಿದ್ದಾಳೆ. ಅದನ್ನು ಮಾತ್ರ ವಾಪಸ್ ಕೇಳಬೇಡಿ. ಬೇಕಿದ್ದರೆ ಅದರ 1,450 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಗಿಟಾರ್ ಮೇಷ್ಟ್ರು, ವಿರಾಜಪೇಟೆ

ಜೊತೆಗೆ: ಬಿಲ್ಲಿನ ಪ್ರತಿ, ತಪ್ಪುಗಳ ಪಟ್ಟಿ, ಪುಟಗಳ ಫೋಟೋ