ಕಾಯಿ ಕುಯ್ದರೂ ತೂಕ ಬರುತ್ತೆ ಪುಟ್ಟಿ

ಮೂಡಿಗೆರೆ
11 ಜನವರಿ 2026, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಚಿಕ್ಕಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಕಾಫಿ ತೋಟದಲ್ಲಿ ಅರೇಬಿಕಾ ಕುಯ್ಲು ಮುಗಿಯಿತು, ರೋಬಸ್ಟಾ ಕೆಂಪಾಗುತ್ತಿದೆ. ಕಣದಲ್ಲಿ ಹರವಿದ ಹಣ್ಣಿನ ವಾಸನೆ ಅಡುಗೆಮನೆವರೆಗೂ ಬರುತ್ತಿದೆ. ನಿನ್ನ ಚಿಕ್ಕಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಈ ವರ್ಷದ ಓದಿನ ಪಟ್ಟಿ ಸಿಕ್ಕಿತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಕ್ಯಾಲೆಂಡರ್ ಪಕ್ಕದ ಮೊಳೆಗೆ ಸಿಕ್ಕಿಸಿದ್ದೇನೆ. ಹೋದ ವರ್ಷದ್ದೂ ಅಲ್ಲೇ ಇದೆ. 40 ಸಾಲು, 40 ಪುಸ್ತಕ. ಸಾಲಿಗೊಂದು ಷರತ್ತು, ಅದಕ್ಕೆ ಹೊಂದುವ ಪುಸ್ತಕ ಓದಿ ಟಿಕ್ ಹಾಕಬೇಕು. ನೀನು ನಲವತ್ತನ್ನೂ ಮುಗಿಸಿದೆ, ನಾನು 23ಕ್ಕೆ ನಿಂತೆ. ನಿನ್ನ ಚಿಕ್ಕಮ್ಮ ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಹೊಸ ವರ್ಷದ ದಿನ ಫೋನಿನಲ್ಲಿ, ನಿನ್ನ 36ನೇ ಪುಸ್ತಕದ ಕಥೆ ಏನು ಅಂತ ಕೇಳಿದ್ದೆ, ನೆನಪಿದೆಯಾ? "ಒಬ್ಬ ಅಜ್ಜ ಇರ್ತಾನೆ ಚಿಕ್ಕಪ್ಪ" ಅಂದೆ. ಆಮೇಲೆ ಅಂದರೆ, "ತೀರಿಕೊಳ್ತಾನೆ ಅನ್ಸುತ್ತೆ" ಅಂದೆ. ಅನ್ಸುತ್ತೆ ಅಂದರೇನು ಮಾರಾಯ್ತಿ? ಅಜ್ಜ ಇದ್ದಾನೋ ಸತ್ತನೋ ಗೊತ್ತಿಲ್ಲದೆ ಟಿಕ್ ಹಾಕಿದ್ದೀಯಲ್ಲ! ನೀನು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುವವಳು. ಅಲ್ಲಿ ಸ್ಟಾಕ್ ನೋಡದೆ ಸಹಿ ಹಾಕುತ್ತೀಯಾ?

ಬೈಯುವುದಕ್ಕೆ ಬರೆಯುತ್ತಿಲ್ಲ. ಈ ವರ್ಷ ಹೇಗೆ ಮಾಡಲಿ ಅಂತ ನೀನೇ ಕೇಳಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು 34 ವರ್ಷ ತೋಟದ ರೈಟರ್ ಆಗಿದ್ದವನು. ರೈಟರ್ ಅಂದರೆ ಕಥೆ ಬರೆಯುವವರು ಅಂತ ನಿನ್ನ ಗೆಳತಿಯರು ಅಂದುಕೊಂಡಿದ್ದರಂತೆ. ತೋಟದ ರೈಟರ್ ಬರೆಯುವುದು ಹಾಜರಿ, ತೂಕ, ಬಟವಾಡೆ, ಅಷ್ಟೇ. ನನಗೆ ಗೊತ್ತಿರುವ ಬುದ್ಧಿಮಾತೆಲ್ಲ ಆ ಪುಸ್ತಕದಿಂದಲೇ ಬಂದಿದ್ದು.

ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಸಂಜೆ ತಕ್ಕಡಿ ಮುಂದೆ ಚೀಲಗಳ ಸಾಲು. ಒಂದೊಂದು ಚೀಲದ ಬಾಯಲ್ಲಿ ಒಳ್ಳೆ ಕೆಂಪು ಹಣ್ಣು ಇರುತ್ತಿತ್ತು. ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ಮೇಲೆತ್ತಿದರೆ ಅರ್ಧಕ್ಕರ್ಧ ಹಸಿರು ಕಾಯಿ, ನಡುವೆ ಎಲೆ. ಹಣ್ಣು ನೋಡಿ ಒಂದೊಂದೇ ಬಿಡಿಸದೆ ರೆಕ್ಕೆಯನ್ನೇ, ಅಂದರೆ ಇಡೀ ಕೊಂಬೆಯನ್ನೇ, ಸವರಿ ಎಳೆದರೆ ಚೀಲ ಬೇಗ ತುಂಬುತ್ತೆ. ತೂಕ ಬರುತ್ತೆ, ಕೂಲಿಯೂ ಬರುತ್ತೆ. ಆದರೆ ಆ ಕಾಯಿ ಪಲ್ಪರ್ ಮೆಷಿನ್ನಿನಲ್ಲಿ ಸಿಪ್ಪೆ ಬಿಡಲ್ಲ. ಲೋಟಕ್ಕೆ ಬಂದಮೇಲೂ ಬಾಯಿ ಒಗರು ಮಾಡುತ್ತೆ.

ನಿನ್ನ ಡಿಸೆಂಬರ್ ಲೆಕ್ಕ ನೋಡಿದೆ. 15ರಿಂದ 31ರೊಳಗೆ ಒಂಬತ್ತು ಪುಸ್ತಕ, ಎಲ್ಲ 100 ಪುಟದ ಒಳಗಿನವು. ಅದು ಸವರಿ ಎಳೆದ ಕುಯ್ಲು ಪುಟ್ಟಿ. ತೆಳ್ಳಗಿನ ಪುಸ್ತಕ ಕೀಳು ಅಂತಲ್ಲ. ತೆಳ್ಳಗಿದೆ ಅನ್ನುವ ಒಂದೇ ಕಾರಣಕ್ಕೆ ಆರಿಸಿದ್ದು ತಪ್ಪು. ಇನ್ನು ಒಂದೇ ಪುಸ್ತಕಕ್ಕೆ ಮೂರು ಕಡೆ ಟಿಕ್ ಹಾಕಿದ್ದೀಯ: ಹೆಸರಿನಲ್ಲಿ ಬಣ್ಣ ಇದೆ ಅಂತ ಒಂದು, ಹೆಂಗಸು ಬರೆದಿದ್ದು ಅಂತ ಒಂದು, ಮಳೆ ಬರುತ್ತೆ ಅಂತ ಒಂದು. ಒಂದೇ ಚೀಲವನ್ನು ಮೂರು ಸಲ ತಕ್ಕಡಿಗೆ ಇಟ್ಟ ಹಾಗೆ. ನಾನಾಗಿದ್ದರೆ ಆವತ್ತಿನ ಹಾಜರಿಯನ್ನೇ ಹೊಡೆದುಹಾಕುತ್ತಿದ್ದೆ.

ಈ ಪಟ್ಟಿ ಮಾಡುವವರು ಸುಮ್ನೆ ತಮಾಷೆಗೆ ಮಾಡುತ್ತಾರೆ ಅಂತ ಮೊದಲು ಅಂದುಕೊಂಡಿದ್ದೆ. ಬಣ್ಣವಂತೆ, ಮುಖಪುಟದಲ್ಲಿ ಹಕ್ಕಿಯಂತೆ. ಮಕ್ಕಳಾಟ. ಆದರೆ ನಾನು ಯಾವತ್ತೂ ನೋಡದಿದ್ದ ಕಪಾಟಿನ ಹತ್ತಿರ ನನ್ನನ್ನು ಎಳೆದುಕೊಂಡು ಹೋಗಿದ್ದು ಅದೇ ಮಕ್ಕಳಾಟ.

"ನಿಮ್ಮ ಊರಿನ ಹತ್ತಿರದ ಹೆಂಗಸು ಬರೆದ ಪುಸ್ತಕ" ಅಂತ ಒಂದು ಸಾಲಿತ್ತಲ್ಲ. ಹಾಸನ ಇಲ್ಲಿಂದ ಎಷ್ಟು ದೂರ ಹೇಳು? ತೋಟದ ಕೆಲಸಕ್ಕೆ ನಾನು ನೂರಾರು ಸಲ ಹೋಗಿ ಬಂದಿದ್ದೇನೆ. ಅಲ್ಲೇ ವಕೀಲಿ ಮಾಡುತ್ತ ಬಾನು ಮುಷ್ತಾಕ್ ಅಷ್ಟು ವರ್ಷದಿಂದ ಕಥೆ ಬರೆಯುತ್ತಿದ್ದರು, ನಾನು ಒಂದನ್ನೂ ಓದಿರಲಿಲ್ಲ. 2025ರ ಮೇ 20ಕ್ಕೆ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು ಅಂತ ಟೀವಿಯಲ್ಲಿ ತೋರಿಸಿದ ಮೇಲೆ ನನಗೆ ಎಚ್ಚರ ಆಯಿತು. ನಾಚಿಕೆಗೇಡು. ಕನ್ನಡದಲ್ಲೇ ತಂದು ಓದಿದೆವು. ಮೊದಲು ಓದಿದವಳು ನಿನ್ನ ಚಿಕ್ಕಮ್ಮ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೇನು ಮಾಡಿದೆ ಅಂತ ಕೇಳಿದರೆ, "ಓದಿ ನೋಡಿ, ಗೊತ್ತಾಗುತ್ತೆ" ಅಂದಳು. ಓದಿದೆ. ಮನೆಯೊಳಗೆ ಹೆಂಗಸರು ಪಡುವ ಪಾಡಿನ ಕಥೆಗಳು. ಗೊತ್ತಾಯಿತು. ಆವತ್ತಿನಿಂದ ಊಟ ಆದಮೇಲೆ ನನ್ನ ತಟ್ಟೆ ನಾನೇ ಎತ್ತುತ್ತಿದ್ದೇನೆ.

ಅಂದಹಾಗೆ, ನೀನು "ಅನುವಾದ" ಅನ್ನುವ ಸಾಲಿಗೆ ಪುಸ್ತಕದ ಹೆಸರು ಬರೆಯುತ್ತೀಯ, ಅನುವಾದ ಮಾಡಿದವರ ಹೆಸರು ಬರೆಯಲ್ಲ. ಆ ಬುಕರ್ ಹಣ 50,000 ಪೌಂಡು. ಅದರಲ್ಲಿ ಅರ್ಧ ಬಾನು ಅವರಿಗೆ, ಇನ್ನರ್ಧ ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿಯವರಿಗೆ. ಲಂಡನ್ನಿನವರೇ ಸರಿಪಾಲು ಕೊಟ್ಟಿರುವಾಗ ನಿನ್ನ ನೋಟ್‌ಬುಕ್ಕಿನಲ್ಲಿ ಅರ್ಧ ಸಾಲು ಜಾಗ ಇಲ್ವಾ?

"ಸಾವಿರ ವರ್ಷಕ್ಕಿಂತ ಹಳೆಯದು" ಅನ್ನುವ ಸಾಲಿಗೆ ನಾನು ಹಲ್ಮಿಡಿ ಶಾಸನ ಹಿಡಿದೆ. ಕಲ್ಲು ಪುಸ್ತಕ ಹೇಗಾಗುತ್ತೆ ಅಂತ ನೀನು ಜಗಳಕ್ಕೆ ಬರಬಹುದು, ಬಾ. ಸುಮಾರು ಕ್ರಿ.ಶ. 450ರದ್ದು, ಬರೀ 16 ಸಾಲು. ಐದು ನಿಮಿಷದಲ್ಲಿ ಒಂದು ಟಿಕ್ ಬಂತು ಅಂತ ನನಗೂ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಬೇಲೂರಿಗೆ ಹೋದವನು ಹಾಗೇ ಹಲ್ಮಿಡಿಗೂ ಹೋದೆ. ಈಗ ಅಲ್ಲಿರುವುದು ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿದೆ. ಅರ್ಥ ಬರೆದ ಹಾಳೆ ಜೇಬಿನಲ್ಲಿತ್ತು, ಆದರೂ ಇಡೀ ಮಧ್ಯಾಹ್ನ ಹೋಯಿತು. ಯುದ್ಧದಲ್ಲಿ ಗೆದ್ದುಕೊಟ್ಟ ವೀರನಿಗೆ ಎರಡು ಊರು ಬಿಟ್ಟುಕೊಟ್ಟಿದ್ದಾರೆ. ಆ ದಾನಕ್ಕೆ ಅವರು ಇಟ್ಟ ಹೆಸರು ಬಾಳ್ಗಳ್ಚು. ಬಾಳು ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ಕತ್ತಿ ತೊಳೆದು ಕೊಟ್ಟ ದಾನ. ಆಯುಧಪೂಜೆ ದಿನ ನಾವು ತೋಟದ ಕತ್ತಿಗಳನ್ನೆಲ್ಲ ತೊಳೆದು, ಕುಂಕುಮ ಇಟ್ಟು, ಸಾಲಾಗಿ ಜೋಡಿಸುವುದಿಲ್ವಾ? ಹೋದ ದಸರಾದಲ್ಲಿ ತೊಳೆಯುವಾಗ ಆ ಒಂದು ಮಾತು ಬಾಯಲ್ಲೇ ಇತ್ತು. ನಿನ್ನ ಒಂಬತ್ತು ಡಿಸೆಂಬರ್ ಪುಸ್ತಕದಲ್ಲಿ ಹೀಗೆ ಬಾಯಲ್ಲಿ ಉಳಿದ ಮಾತು ಯಾವುದು ಅಂತ ಮುಂದಿನ ಸಲ ಬಂದಾಗ ಹೇಳು.

ದಪ್ಪ ಪುಸ್ತಕದ ವಿಷಯ. ನೀನು "500 ಪುಟ ಮೀರಿದ್ದು" ಅನ್ನುವ ಸಾಲನ್ನು ಕೊನೆವರೆಗೆ ತಳ್ಳುತ್ತೀಯ, ಆಮೇಲೆ ಒದ್ದಾಡುತ್ತೀಯ. ನಾನು ಅದನ್ನು ಜುಲೈಗೆ ಇಟ್ಟುಕೊಂಡೆ. ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಎರಡನೇ ದೊಡ್ಡ ಕಾದಂಬರಿ "ಮಲೆಗಳಲ್ಲಿ ಮದುಮಗಳು", 1967ರಲ್ಲಿ ಬಂದಿದ್ದು. ಮೂರು ಸಲ ಹಿಡಿದು ಮೂರು ಸಲವೂ 60 ಪುಟದೊಳಗೆ ಬಿಟ್ಟಿದ್ದೆ. ಅಷ್ಟೊಂದು ಮನೆ, ಅಷ್ಟೊಂದು ಜನ. ಯಾರು ಯಾರ ಆಳು, ಯಾರು ಯಾರಿಗೆ ನೆಂಟ ಅಂತಲೇ ಗೊತ್ತಾಗುತ್ತಿರಲಿಲ್ಲ. ಈ ಸಲ ಒಂದು ಹಳೇ ಚೆಕ್‌ರೋಲ್ ಪುಸ್ತಕ ತೆಗೆದೆ, ಆಳುಗಳ ಹಾಜರಿ ಬರೆಯುವುದು. ಮನೆಗೊಂದು ಪುಟ. ಎಡಗಡೆ ಹೆಸರು, ಪಕ್ಕದಲ್ಲಿ ಸಂಬಂಧ, ಯಾವ ಪುಟದಲ್ಲಿ ಬಂದರು ಅಂತ ಹಾಜರಿ. ಹೊರಗೆ ಮೂರು ದಿನ ಬಿಡದೆ ಮಳೆ, ಕರೆಂಟಿಲ್ಲ, ಎಮರ್ಜೆನ್ಸಿ ಲೈಟೂ ಕೈಕೊಟ್ಟಿತ್ತು. ಸೀಮೆಣ್ಣೆ ಬುಡ್ಡಿ ಇಟ್ಟುಕೊಂಡು ಓದಿದೆ. 100ನೇ ಪುಟ ದಾಟಿದ ಮೇಲೆ ಚೆಕ್‌ರೋಲ್ ತೆರೆಯುವ ಕೆಲಸವೇ ಬರಲಿಲ್ಲ. ಅವರೆಲ್ಲ ನಮ್ಮ ತೋಟದ ಕೂಲಿ ಲೈನಿನ ಜನರ ಹಾಗೇ ಆಗಿಬಿಟ್ಟರು.

ನಿನಗೆ ಜುಲೈ ಆಗಲ್ಲ, ಗೊತ್ತು. ಜುಲೈ 31, ಸೆಪ್ಟೆಂಬರ್ 30 ಅಂತ ರಿಟರ್ನು, ಆಡಿಟ್ಟು ನಿನ್ನ ತಲೆ ಮೇಲೆ ಕೂತಿರುತ್ತವೆ. ಅದು ನಿನ್ನ ಕುಯ್ಲಿನ ಕಾಲ. ಆಗ ಕವಿತೆ ಓದು, ಸಣ್ಣಕಥೆ ಓದು, ಮಲಗುವ ಮೊದಲು ಒಂದೇ ಒಂದು. ದಪ್ಪದ್ದನ್ನು ಏಪ್ರಿಲ್ ಮೇ ತಿಂಗಳಿಗೆ ಇಟ್ಟುಕೋ. ಪಟ್ಟಿಯ ಕ್ರಮದಲ್ಲೇ ಓದಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ನಾಟಕದ ಸಾಲು ಬಂದರೆ ಒಬ್ಬಳೇ ಓದಬೇಡ. ರೂಮಿನ ಗೆಳತಿಗೆ ಅರ್ಧ ಪಾತ್ರ ಹಂಚು, ಗಟ್ಟಿಯಾಗಿ ಓದಿ. ನಾನೂ ಚಿಕ್ಕಮ್ಮನೂ ಹಾಗೇ ಓದಿದೆವು. ರಾಜನ ಪಾತ್ರ ಅವಳೇ ತಗೊಂಡಳು, ಕೇಳಬೇಕಾ.

"ಹುಟ್ಟಿದ ವರ್ಷದ ಪುಸ್ತಕ" ಅಂತ ನೀನು ಓದಿ ಇಲ್ಲಿ ಬಿಟ್ಟುಹೋದದ್ದನ್ನು ತೆಗೆದು ನೋಡಿದೆ. ಹೆಸರಿನ ಪುಟದ ಹಿಂಬದಿಯಲ್ಲಿ 1999 ಇದೆ ನಿಜ. ಆದರೆ ಅದು ಮೂರನೇ ಮುದ್ರಣ. ಮೊದಲ ಮುದ್ರಣದ ಇಸವಿ ಅದರ ಮೇಲೇ ಸಣ್ಣಕ್ಷರದಲ್ಲಿದೆ. ಪುಸ್ತಕ ನಿನಗಿಂತ ನಿಮ್ಮಪ್ಪನಿಗೆ ಹತ್ತಿರ!

ಎಲ್ಲವನ್ನೂ ಕೊಳ್ಳಬೇಡ. ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ತೆರಿಗೆಯ ಮೇಲೆ ನೂರಕ್ಕೆ ಆರು. ದುಡ್ಡು ಕೊಟ್ಟಾಗಿದೆ, ಹೋಗಿ ಓದುವುದಕ್ಕೇನು? ಲೈಬ್ರರಿ ಪುಸ್ತಕ ಜೋಪಾನ ಮಾತ್ರ. ಆಗಸ್ಟಿನಲ್ಲಿ ಒಂದಕ್ಕೆ ಬೂಷ್ಟು ಹಿಡಿಯಿತು ಅಂತ ನಾನು ಬಚ್ಚಲೊಲೆ ಪಕ್ಕ ಒಣಗಲು ಇಟ್ಟು ಮರೆತುಬಿಟ್ಟೆ. ರಟ್ಟು ಹಪ್ಪಳದ ಹಾಗೆ ಸುತ್ತಿಕೊಂಡಿತ್ತು. ದಂಡ ಕಟ್ಟಿ ಬಂದೆ, ತಲೆ ತಗ್ಗಿಸಿಕೊಂಡು.

ಈ ವರ್ಷದ ಪಟ್ಟಿಯಲ್ಲಿ "ನಿಮ್ಮ ಊರಿನ ಲೇಖಕರು" ಅಂತ ಇದೆ. ಮೂಡಿಗೆರೆ ಅಂದಕೂಡಲೇ ತೇಜಸ್ವಿ ಅಂತ ಬರೆಯುತ್ತೀಯ, ನನಗೆ ಗೊತ್ತು. ಅವರನ್ನು ನೀನು ಹೈಸ್ಕೂಲಿನಲ್ಲೇ ಅರೆದು ಕುಡಿದಿದ್ದೀಯ. ಬೇಕಾದರೆ ಇನ್ನೊಂದು ಸಲ ಓದು, ಎಷ್ಟು ಸಲ ಓದಿದರೂ ಸಾಲಲ್ಲ. ಆದರೆ ಆ ಸಾಲಿಗೆ ಅವರನ್ನು ಬರೆಯಬೇಡ. ಇನ್ನೊಬ್ಬರನ್ನು ಹುಡುಕು. ಸಿಗದಿದ್ದರೆ ಸಾಲು ಖಾಲಿ ಇರಲಿ. ನನ್ನದರಲ್ಲಿ 17 ಖಾಲಿ ಇವೆ, ಯಾರೂ ಬಂದು ಕೇಳಿಲ್ಲ.

ಕೊನೆಯ ಸಾಲು "ಬೇರೆಯವರು ಆರಿಸಿಕೊಟ್ಟ ಪುಸ್ತಕ". ನಿನ್ನದನ್ನು ನಾನು ಆರಿಸಿ, ನ್ಯೂಸ್‌ಪೇಪರ್ ಸುತ್ತಿ, ಕಾಫಿಪುಡಿ ಜೊತೆ ಬಸ್ಸಿಗೆ ಹಾಕುತ್ತೇನೆ. ಪುಡಿ ವಾಸನೆ ಹಿಡಿದಿರುತ್ತೆ, ಬೇಜಾರು ಮಾಡಿಕೊಳ್ಳಬೇಡ. ನನ್ನದನ್ನು ನೀನು ಆರಿಸು, ಯುಗಾದಿಗೆ ಬರುವಾಗ ತಾ. ಅಕ್ಷರ ದಪ್ಪಗಿರಲಿ, ಕಣ್ಣು ಮೊದಲಿನ ಹಾಗಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ ಫೋನ್ ಮಾಡುತ್ತೇನೆ.

ಇಂತಿ ನಿನ್ನ
ಚಿಕ್ಕಪ್ಪ

ಮರೆತಿದ್ದೆ: ಚಿಕ್ಕಮ್ಮನೂ ಈ ವರ್ಷ ಪಟ್ಟಿಗೆ ಇಳಿದಿದ್ದಾಳೆ. ಇವತ್ತಿಗೆ ಅವಳದು ಎರಡು ಆಗಿದೆ, ನನ್ನದು ಇನ್ನೂ ಒಂದೂ ಆಗಿಲ್ಲ. ಆ 36ನೇ ಪುಸ್ತಕ ಕಳಿಸು, ಅಜ್ಜನ ಗತಿ ಏನಾಯಿತು ಅಂತ ಅವಳಿಗೆ ತಿಳಿಯಬೇಕಂತೆ.