ಡೀಯೆಲ್ ಅಂದ್ರೆ ಬರೀ ಬೆಲ್ಗ್ರಾನೋ ಅಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಫಾಕ್‌ಲ್ಯಾಂಡ್ ಯುದ್ಧದ ಲೇಖನ ಓದಿದೆ, ಚೆನ್ನಾಗಿತ್ತು. ಆದ್ರೆ ಅದರಲ್ಲಿ ಬ್ರಿಟನ್ನಿನ ಲೇಬರ್ ಪಾರ್ಟಿ ಎಂಪಿ ಟ್ಯಾಮ್ ‘ಡ್ಯಾಲಿಯೆಲ್’ ಅಂತ ಹಾಕಿದೀರಿ, ಸ್ಪೆಲ್ಲಿಂಗ್ ನೋಡಿದ್ರೆ ಯಾರಾದ್ರೂ ಹಾಗೇ ಓದ್ತಾರೆ, ಆದ್ರೆ ಅಲ್ಲಿಯವರ ಬಾಯಲ್ಲಿ ಅದು ‘ಡೀಯೆಲ್’. ಹೆಸರು ಹೋಗ್ಲಿ ಬಿಡಿ. ಆ ಯುದ್ಧದಲ್ಲಿ ಬ್ರಿಟನ್ ಮುಳುಗಿಸಿದ ಅರ್ಜೆಂಟೀನಾದ ಬೆಲ್ಗ್ರಾನೋ ಹಡಗಿನ ಗಲಾಟೆ ಎಬ್ಬಿಸಿದ ಎಂಪಿ ಅಂತ ಒಂದೇ ಸಾಲಲ್ಲಿ ಅವರನ್ನ ಮುಗಿಸಿಬಿಟ್ರಲ್ಲ, ಅದೇ ನನ್ನ ತಕರಾರು. 1962ರ ಬೈ ಎಲೆಕ್ಷನ್‌ನಲ್ಲಿ ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್‌ನಿಂದ ಗೆದ್ದು ಬಂದೋರು 2005ರವರೆಗೆ ಪಾರ್ಲಿಮೆಂಟಲ್ಲಿದ್ರು, 43 ವರ್ಷ, ಒಂದು ದಿನಾನೂ ಮಂತ್ರಿ ಆಗ್ಲಿಲ್ಲ.

ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಕಾಲೇಜ್ ಲೈಬ್ರರಿಗೆ ನ್ಯೂ ಸೈಂಟಿಸ್ಟ್ ಪತ್ರಿಕೆ ಒಂದೆರಡು ತಿಂಗಳು ಲೇಟಾಗಿ ಬರ್ತಿತ್ತು, ಅದರಲ್ಲಿ ಇವರದ್ದೊಂದು ಕಾಲಂ, ನಾನು ಮೊದಲು ತಿರುವಿ ಹಾಕ್ತಿದ್ದದ್ದೇ ಆ ಪುಟ. ಆಮೇಲೆ ಗೊತ್ತಾಗಿದ್ದು ಅಲ್ಡಾಬ್ರಾ ಕತೆ. ಹಿಂದೂ ಮಹಾಸಾಗರದ ಹವಳದ ದ್ವೀಪ ಅದು, ಈಗ ಸೀಷೆಲ್ಸ್ ದೇಶದ್ದು, ದೈತ್ಯ ಆಮೆಗಳು, ಹಾರೋಕೆ ಬಾರದ ‘ರೈಲ್’ ಅನ್ನೋ ಜಾತಿಯ ಹಕ್ಕಿ ಎಲ್ಲ ಇರೋ ಜಾಗ. 1960ರ ದಶಕದಲ್ಲಿ ಬ್ರಿಟಿಷ್ ರಕ್ಷಣಾ ಇಲಾಖೆ ಅಲ್ಲಿ ಏರ್‌ಫೀಲ್ಡ್ ಕಟ್ಟೋಕೆ ಹೊರಟಿತ್ತು. ರಾಯಲ್ ಸೊಸೈಟಿ ವಿಜ್ಞಾನಿಗಳು ಬೇಡ ಅಂದ್ರು, ಸದನದ ಒಳಗೆ ಅದನ್ನ ಹಿಡ್ಕೊಂಡು ಕೂತವರು ಡೀಯೆಲ್, ಅದೂ ತಮ್ಮದೇ ಪಾರ್ಟಿ ಸರ್ಕಾರದ ಮೇಲೆ. ಮಾಡಿದ್ದೇನು ಅಂದ್ರೆ ಪ್ರಶ್ನೆ ಹಾಕಿದ್ದು, ಒಂದಾದ ಮೇಲೊಂದು. ಪ್ರಶ್ನೆ ಬಂತು ಅಂದ್ರೆ ಇಲಾಖೆಯಲ್ಲಿ ಯಾರೋ ಒಬ್ಬ ಗುಮಾಸ್ತ ಫೈಲ್ ತೆಗೀಲೇಬೇಕು, ಏನೋ ಒಂದು ಉತ್ತರ ಬರೀಲೇಬೇಕು, ಆ ಉತ್ತರದಲ್ಲೇ ಮುಂದಿನ ಪ್ರಶ್ನೆಗೆ ಎಳೆ ಸಿಗುತ್ತೆ. 1967ರ ನವೆಂಬರ್‌ನಲ್ಲಿ ಪೌಂಡ್ ಬೆಲೆ ಇಳಿಸಬೇಕಾಗಿ ಬಂತು, ಸರ್ಕಾರದ ಖರ್ಚಿಗೆ ಕತ್ತರಿ ಬಿತ್ತು, ಏರ್‌ಫೀಲ್ಡೂ ಕೈಬಿಟ್ರು. ಹಾಗಾದ್ರೆ ಆಮೆ ಉಳಿಸಿದ್ದು ಪೌಂಡೇ ಹೊರತು ಡೀಯೆಲ್ ಅಲ್ಲ ಅನ್ನಬಹುದು, ಆದ್ರೆ ಕೈಯಲ್ಲಿ ಕಾಸಿಲ್ಲದಾಗ ಮೊದಲು ಕೈಬಿಡೋದು ತಲೆನೋವಿನ ಕೆಲಸಾನೇ ಅಲ್ವಾ, ಅದನ್ನ ತಲೆನೋವು ಮಾಡಿಟ್ಟಿದ್ದು ಇವರೆಲ್ಲ. 1982ರಲ್ಲಿ ಅಲ್ಡಾಬ್ರಾ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು. ಆದ್ರೆ ಅದೇ ಸಾಗರದ ಡಿಯೆಗೋ ಗಾರ್ಸಿಯಾದಲ್ಲಿ ಅಮೆರಿಕದ ಬೇಸ್ ಎದ್ದು ನಿಂತು, ಅಲ್ಲಿದ್ದ ಜನರನ್ನೇ ಎತ್ತಂಗಡಿ ಮಾಡಿದ್ರು. ಆಮೆಗೆ ಸಿಕ್ಕಷ್ಟು ವಕೀಲರು ಆ ಜನಕ್ಕೆ ಸಿಗಲಿಲ್ಲ, ಇದು ನನಗೆ ಇವತ್ತಿಗೂ ಚುಚ್ಚುತ್ತೆ.

ಬೆಲ್ಗ್ರಾನೋದಲ್ಲೂ ಅದೇ ವರಸೆ. 1982ರ ಮೇ 2ರಂದು ಮುಳುಗಿದ ಹಡಗಲ್ಲಿ 323 ಜನ ಸತ್ರು, ಇವರು ವರ್ಷಗಟ್ಟಲೆ ಕೇಳಿದ್ದು ಹಡಗು ಆಗ ಯಾವ ಕಡೆ ಮುಖ ಮಾಡಿತ್ತು, ಅಂದ್ರೆ ದಾಳಿಗೆ ಬರ್ತಿತ್ತಾ ಇಲ್ಲಾ ವಾಪಸ್ ಹೋಗ್ತಿತ್ತಾ ಅಂತ. ಇದರ ದಾಖಲೆ ಇವರಿಗೆ ಕೊಟ್ಟ ರಕ್ಷಣಾ ಇಲಾಖೆ ಅಧಿಕಾರಿ ಕ್ಲೈವ್ ಪಾಂಟಿಂಗ್ ಮೇಲೆ ಕೇಸ್ ಹಾಕಿದ್ರೆ 1985ರಲ್ಲಿ ಜ್ಯೂರಿ ಬಿಡುಗಡೆ ಮಾಡ್ತು. ಪ್ರಧಾನಿ ಥ್ಯಾಚರ್‌ಗೆ ಸುಳ್ಳುಗಾರ್ತಿ ಅಂದು ಇವರು ಸದನದಿಂದ ಹೊರಗೂ ಬಿದ್ರು.

ಇನ್ನು 1977ರಲ್ಲಿ ಎತ್ತಿದ ‘ವೆಸ್ಟ್ ಲೋಥಿಯನ್ ಪ್ರಶ್ನೆ’, ಸ್ಕಾಟ್ಲೆಂಡಿಗೆ ತನ್ನದೇ ಸದನ ಬಂದ ಮೇಲೂ ಅಲ್ಲಿನ ಎಂಪಿ ಲಂಡನ್ ಪಾರ್ಲಿಮೆಂಟಲ್ಲಿ ಕೂತು ಇಂಗ್ಲೆಂಡ್ ವಿಷಯಕ್ಕೆ ವೋಟ್ ಹಾಕೋದು ಎಷ್ಟು ಸರಿ ಅನ್ನೋದು. ಅದಕ್ಕೆ ಅಂತ 2015ರಲ್ಲಿ ಒಂದು ನಿಯಮ ತಂದು 2021ರಲ್ಲಿ ಕಿತ್ತೂ ಹಾಕಿದ್ರು, ಅಲ್ಲಿಗೆ ಪ್ರಶ್ನೆ ಮತ್ತೆ ಇದ್ದಲ್ಲೇ ಬಂದು ನಿಂತಿದೆ.

ದೇವರೇನಲ್ಲ ಅವರು. 2003ರಲ್ಲಿ ಆಗಿನ ಪ್ರಧಾನಿ ಬ್ಲೇರ್ ಸುತ್ತ ಯಹೂದಿ ಸಲಹೆಗಾರರ ಕೂಟ ಇದೆ ಅಂದಿದ್ದು ಕೆಟ್ಟ ಮಾತು, ಬೈಸಿಕೊಂಡಿದ್ದು ಸರೀನೇ.

ಮುಂದೆ ಎಂದಾದ್ರೂ ಇವರ ಬಗ್ಗೆ ಬರೆದ್ರೆ, ಯುದ್ಧನೌಕೆ ಪಕ್ಕದಲ್ಲಿ ಅಲ್ಡಾಬ್ರಾದ ಆಮೆ ಫೋಟೋನೂ ಒಂದು ಹಾಕಿ.

ಇಂತಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಸಾಗರ